ಕನ್ನಡ ರ‍್ಯಾಪ್ ಬೀಟಿಗೆ ಕೂರುದಿಲ್ಲ ಯಾಕೆ? ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹುಟ್ಟಿದ ಹಿಪ್ ಹಾಪ್ ಬೇರೆ ಊರಿನದ್ದಾದದ್ದು ಹೇಗೆ?

ಬದಿಯಡ್ಕ_ಬೀಟ್ಸ್:
ಕಾಸರಗೋಡಿನ ಕಾಲೇಜು ಹುಡುಗರಿಗೆ ಮಲಯಾಳಂ ರ‍್ಯಾಪ್ ಬಾಯಿಪಾಠ ಉಂಟು. ಅದೇ ಬೀಟಿಗೆ ಕನ್ನಡದಲ್ಲಿ ಬರೆದರೆ ಎರಡರಲ್ಲೊಂದು ಆಗ್ತದೆ: ಒಂದೋ ಅಮೆರಿಕದವರ ಹಾಗೆ ನಾಲಿಗೆ ಹೊರಳಿಸಿ ಮಾತೇ ಅರ್ಥ ಆಗುದಿಲ್ಲ, ಇಲ್ಲದಿದ್ದರೆ ಭಜನೆಯ ಧಾಟಿಗೆ ಬೀಳ್ತದೆ. ಪ್ಯಾರಿಸ್, ಸೆನೆಗಲ್ಲಿನ ಡಾಕರ್, ಟೋಕಿಯೋದಲ್ಲಿ ಹಿಪ್ ಹಾಪ್ ಆಯಾ ಊರಿನದ್ದೇ ಆಗಿ ನಿಂತದ್ದು ಹೇಗೆ? ನಾವು ಚೆಂಡೆ ಸೇರಿಸಿದರೆ ಸಾಕಾ? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

ಚಂದ್ರಗಿರಿ_ತೀರ:
ಚೆಂಡೆ ಆಮೇಲೆ ನೋಡುವ ಮಾರಾಯ್ರೇ. ಕಡಲು ದಾಟಿದ್ದು ಏನು ಎಂಬುದು ಮೊದಲು ಸ್ಪಷ್ಟ ಆಗಬೇಕು.

1973ರ ಆಗಸ್ಟ್ 11ರಂದು ಬ್ರಾಂಕ್ಸಿನ 1520, ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ತಂಗಿ ಇಟ್ಟ ಪಾರ್ಟಿಗೆ ರೆಕಾರ್ಡ್ ಹಾಕಿದವ ಡಿಜೆ ಕೂಲ್ ಹರ್ಕ್. ಅವನು ಜಮೈಕಾದಿಂದ ಬಂದವ. ದೊಡ್ಡ ಸ್ಪೀಕರ್ ಇಟ್ಟು ಹಾಡಿನ ಮೇಲೆ ಮೈಕಿನಲ್ಲಿ ಮಾತಾಡುವುದು ಕಿಂಗ್‌ಸ್ಟನ್ನಿನ ಪದ್ಧತಿ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಬರೀ ಡ್ರಮ್ ಉಳಿಯುವ ಚಿಕ್ಕ ತುಂಡು ಒಂದರಲ್ಲಿ ಮುಗಿಯುವಾಗ ಇನ್ನೊಂದರಲ್ಲಿ ಶುರುಮಾಡಿ ಎಳೆಯುವುದು ಅವನ ಕೈಚಳಕ. ಬೇರೆ ದೇಶಕ್ಕೆ ಹೋದದ್ದು ಈ ಕ್ರಮವೇ: ತಿರುಗಿ ತಿರುಗಿ ಬರುವ ತಾಳ, ಅದರ ಮೇಲೆ ನಿಮ್ಮ ಬೀದಿಯ ಮಾತು. ಉಚ್ಚಾರ ಅದರ ಭಾಗ ಅಲ್ಲ.

ಫ್ರಾನ್ಸಿನಲ್ಲಿ ಕಾನೂನೂ ಕೈಹಿಡಿಯಿತು. 1994ರಲ್ಲಿ ಪಾಸಾಗಿ 1996ರಿಂದ ಜಾರಿಯಾದ ನಿಯಮದಂತೆ ರೇಡಿಯೋದವರು ಜನಪ್ರಿಯ ಹಾಡುಗಳಲ್ಲಿ ಶೇಕಡಾ 40ರಷ್ಟು ಫ್ರೆಂಚಿನವೇ ಹಾಕಬೇಕಾಯಿತು, ರ‍್ಯಾಪಿಗೆ ಜಾಗ ಸಿಕ್ಕಿತು. ಡಾಕರಿನಲ್ಲಿ ಅಲ್ಲಿನ ಜನರ ಭಾಷೆ ವೊಲೊಫ್ ಬಂದ ಮೇಲೆ ರ‍್ಯಾಪ್ ಮನೆಮನೆಗೆ ಹೋಯಿತು. 2011ರಲ್ಲಿ ಅಧ್ಯಕ್ಷರ ವಿರುದ್ಧ ಎದ್ದ ‘ಯಾನ್ ಆ ಮಾರ್’ ಚಳವಳಿ ಕಟ್ಟಿದವರು ರ‍್ಯಾಪರ್‌ಗಳು ಮತ್ತು ಪತ್ರಕರ್ತರು.

ನಮಗೆ ಹೆಚ್ಚು ಹತ್ತಿರ ಜಪಾನ್. ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ, ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದು. ಹಾಗಾಗಿ ಅಂತ್ಯಪ್ರಾಸ ಪುಕ್ಕಟೆ ಸಿಗ್ತದೆ, ಪುಕ್ಕಟೆ ಸಿಕ್ಕಿದ್ದಕ್ಕೆ ಪೆಟ್ಟು ಇಲ್ಲ. ಅವರು ವಾಕ್ಯ ತಿರುವಿ ನಾಮಪದ ಕೊನೆಗಿಟ್ಟು ದಾರಿ ಕಂಡುಕೊಂಡರು.

ಗುರುಲಘು:
ಮೇಲಿನವರು ಹೇಳಿದ್ದು ಸರಿ. ಕನ್ನಡಕ್ಕೆ ಲೆಕ್ಕ ಹೀಗೆ.

ಒಂದು ಬಾರಿನಲ್ಲಿ (ತಾಳದ ಒಂದು ಸುತ್ತಿನಲ್ಲಿ) 4 ಬೀಟ್, ಒಂದೊಂದರಲ್ಲಿ 4 ಮನೆ, ಒಟ್ಟು 16. ಲಘುವಿಗೆ ಒಂದು ಮನೆ, ಗುರುವಿಗೆ ಎರಡು. 16 ಮಾತ್ರೆ ಅಂದರೆ ಮಂದಾನಿಲ ರಗಳೆಯ ಸಾಲು! 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ಸೆಕೆಂಡಿಗೆ 6 ಮಾತ್ರೆ, ಬಾಯಿಗೆ ಹಿತ. 140ರ ಟ್ರ್ಯಾಪ್ ಎಂಬ ಬಗೆಯ ಬೀಟಿಗೆ ಇದೇ ಲೆಕ್ಕ ಹಾಕಿದರೆ 9 ದಾಟಿ ಒತ್ತಕ್ಷರ ನುಂಗಿಹೋಗ್ತದೆ. ಅದನ್ನು 70 ಅಂತ ಎಣಿಸಿ ಬರೆಯಿರಿ.

ಕುಂಬಳೆ ಪೇಟೆಲಿ ಗಾಡಿಗೆ ಕಾದೆ
ತುಂಬಿದ ಬಸ್ಸಲಿ ನೇತೇ ಹೋದೆ

4+4+4+3, ಕೊನೆಯ ಒಂದು ಮಾತ್ರೆ ಉಸಿರಿಗೆ. ತಪ್ಪಿಲ್ಲ, ಆದರೆ ಭಜನೆ. ಪ್ರತಿ ಪದವೂ ಬೀಟಿನ ತಲೆಗೇ ಬೀಳುವುದರಿಂದ ಹಾಗೆ. ಈಗ ಕ್ರಿಯಾಪದ ಮುಂದೆ ತನ್ನಿ:

ಕಾದೆ ಗಾಡಿಗೆ ಕುಂಬಳೆ ಪೇಟೆಲಿ

ಅವೇ ಪದಗಳು, 3+4+4+4. ‘ಗಾಡಿಗೆ’ ಸ್ನೇರಿಗೆ (ಎರಡನೆಯ ಬೀಟಿನ ಡ್ರಮ್ ಪೆಟ್ಟಿಗೆ) ಒಂದು ಮಾತ್ರೆ ಮೊದಲೇ ಬಂತು, ಮುಂದಿನ ಎರಡು ಪದಗಳೂ ಹಾಗೆಯೇ. ಧಾಟಿ ಒಡೆಯಿತು, ಪ್ರಾಸಕ್ಕೆ ನಾಮಪದವೂ ಸಿಕ್ಕಿತು. ಎಲ್ಲಾ ಸಾಲು ಹೀಗೆ ಮಾಡಬೇಡಿ. ಮೂರು ನೇರ ಸಾಲು ಹೋಗಿ ನಾಲ್ಕನೆಯದು ಒಡೆದರೆ ಕಿವಿ ನಿಮಿರ್ತದೆ.

ಮೊದಲ ಜೋಡಿಯಲ್ಲಿ ಕುಂಬಳೆ–ತುಂಬಿದ ನೋಡಿ. ಎರಡು ಕಡೆಯೂ ಮೊದಲಕ್ಷರ ಗುರು, ಎರಡನೆಯದರ ವ್ಯಂಜನ ಒಂದೇ: ಆದಿಪ್ರಾಸ. ಅದು ಸರಿಯಾಗಿ ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಬೀಳುವಲ್ಲಿಯೇ ಬೀಳ್ತದೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಇದೇ ಪ್ರಾಸವನ್ನು ಬಿಟ್ಟು ಬರೆದು ಹೊಸ ಕವಿತೆಗೆ ದಾರಿ ಮಾಡಿದವರು. ಓದುವ ಕವಿತೆಗೆ ಆ ಬಿಡುಗಡೆ ಬೇಕಿತ್ತು. ಬೀಟಿನ ಮೇಲೆ ಮಾತ್ರ ಅದನ್ನು ವಾಪಸ್ ಕರೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು: ಭಾಮಿನಿ ಷಟ್ಪದಿಯ ಚಿಕ್ಕ ಸಾಲು 14 ಮಾತ್ರೆ, ಒಂದು ಬಾರಿನಲ್ಲಿ ಕೂತು 2 ಮಾತ್ರೆ ಉಸಿರಿಗೆ ಉಳೀತದೆ. 3 ಮತ್ತು 6ನೆಯ ಸಾಲು 23, ಅವಕ್ಕೆ ಎರಡೆರಡು ಬಾರ್. ಒಟ್ಟು 8 ಬಾರ್. ಎರಡು ಭಾಮಿನಿ ಬರೆದರೆ 16 ಬಾರಿನ ಒಂದು ಪೂರ್ತಿ ವರ್ಸ್ (ಚರಣ). ಉದ್ದ ಸಾಲಿನ ಕೊನೆಗೆ ಉಳಿಯುವ 9 ಮಾತ್ರೆಯಲ್ಲಿ ಚೆಂಡೆ ಬರಲಿ, ಅಲ್ಲಿ ಅದಕ್ಕೆ ಕೆಲಸ ಉಂಟು.

ಮದ್ದಲೆ_ಮಿಕ್ಸ್:
ಚೆಂಡೆ ಸೇರಿಸುವವರು ಎಡವುವುದು ಇಲ್ಲಿ. ಯಕ್ಷಗಾನ ಆಟದ ರೆಕಾರ್ಡಿಂಗಿನಿಂದ ತುಂಡು ಕತ್ತರಿಸಿದರೆ ಲೂಪ್ (ತಿರುಗಿ ತಿರುಗಿ ಬರುವ ತುಂಡು) ಜಾರ್ತದೆ, ಯಾಕಂದ್ರೆ ಭಾಗವತರು ಹಾಡ್ತಾ ವೇಗ ಏರಿಸ್ತಾರೆ. ಚೆಂಡೆಯವರ ಕಿವಿಗೆ ಕ್ಲಿಕ್ (ತಾಳ ಎಣಿಸುವ ಟಿಕ್ ಟಿಕ್ ಸದ್ದು) ಕೊಟ್ಟು ಹೊಸತಾಗಿ ನುಡಿಸಿ. ಏಕತಾಳ 4ರ ಲೆಕ್ಕ, ನೇರ ಕೂರ್ತದೆ. ತ್ರಿವುಡೆ 7. ಅದು ಬೀಟಿನ ಒಟ್ಟಿಗೆ ತಿರುಗಿ ಸೇರುವುದು 28 ಎಣಿಕೆಗೆ, ಅಂದರೆ 7 ಬಾರಿಗೆ. 8 ಬಾರಿನ ವರ್ಸಿಗೆ ಹಾಕಿದರೆ ಕೊನೆಯ ಬಾರಿನಲ್ಲಿ ಚೆಂಡೆ ನಿಲ್ಲಿಸಿ, ಮಾತು ಒಂಟಿಯಾಗಿ ಹೋಗಲಿ.

ರೆಕಾರ್ಡಿಂಗ್ ಫೋನಿನಲ್ಲಿ ಬೇಡ. ಮೊದಲ ಪೆಟ್ಟಿಗೇ ಅದು ತನ್ನಷ್ಟಕ್ಕೆ ಸದ್ದು ತಗ್ಗಿಸಿ ಪೆಟ್ಟಿನ ಮೊನೆ ಮೊಂಡಾಗ್ತದೆ. ಮೈಕ್ ಒಂದೂವರೆ ಮೀಟರ್ ದೂರ ಇಟ್ಟು, ಅತಿ ಜೋರು ಪೆಟ್ಟು ರೆಕಾರ್ಡಿಂಗ್ ಮೀಟರಿನಲ್ಲಿ −12 ಡೆಸಿಬಲ್ ದಾಟದ ಹಾಗೆ ನೋಡಿಕೊಳ್ಳಿ. ಮಾತಿರುವಲ್ಲಿ ಚೆಂಡೆಯನ್ನು 2–5 ಕಿಲೋಹರ್ಟ್ಸ್ ಮಧ್ಯೆ 3 ಡೆಸಿಬಲ್ ಇಳಿಸಿ, ಇಲ್ಲದಿದ್ದರೆ ಚ, ತ, ಕ ಕೇಳುದಿಲ್ಲ. ಮದ್ದಲೆ ಮತ್ತು 808 ಬೇಸ್ (ಡ್ರಮ್ ಮೆಷಿನ್ನಿನ ಆಳದ ಸದ್ದು) ಒಟ್ಟಿಗೆ ಇದ್ದರೆ ಮದ್ದಲೆಯ 100 ಹರ್ಟ್ಸ್ ಕೆಳಗಿನದ್ದು ಕಡಿಯಿರಿ.

ದೈವಗಳ ಹಾಡುಗಳಾದ ತೆಯ್ಯಂ ತೋಟ್ಟಂ, ಪಾಡ್ದನ ಮಾತ್ರ ಸ್ಯಾಂಪಲ್ ಮಾಡುವ (ತುಂಡು ಕತ್ತರಿಸಿ ಬಳಸುವ) ಮೊದಲು ಆ ಮನೆತನದವರನ್ನು, ದೈವ ಕಟ್ಟುವವರನ್ನು ಕೇಳಿ. ಅದು ಆರಾಧನೆ. ಬೇಡ ಅಂದರೆ ಬೇಡ.

ಬದಿಯಡ್ಕ_ಬೀಟ್ಸ್:
ತುಂಬ ಉಪಕಾರ ಆಯ್ತು. ಒಂದೇ ಸಾಲಿನಲ್ಲಿ ಕನ್ನಡ, ತುಳು, ಮಲಯಾಳಂ ಬೆರೆಸಬಹುದಾ? ಹುಡುಗರು ಮಾತಾಡುವುದೇ ಹಾಗೆ.

ಗುರುಲಘು:
ಧಾರಾಳ. ಆದರೆ ಭಾಷೆ ಬದಲಾಗುವುದು ಬಾರಿನ ಮೊದಲ ಬೀಟಿಗೋ ಮೂರನೆಯದಕ್ಕೋ ಆಗಲಿ, ಕೇಳುವವರಿಗೆ ಹಿಡಿತ ಸಿಗ್ತದೆ. ಮಲಯಾಳಂ, ತುಳು ಪದಗಳ ಕೊನೆಯ ಅರ್ಧ ಉಕಾರಕ್ಕೆ ಪೂರ್ತಿ ಮಾತ್ರೆ ಕೊಡಬೇಡಿ. ಬರೆದದ್ದನ್ನು ಮೊದಲು ಬೀಟ್ ಇಲ್ಲದೆ, ತೊಡೆಗೆ ತಾಳ ಹಾಕಿ ಹೇಳಿಸಿ. ‘ಕಾದೆ’ ಎಂಬುದು ‘ಕದೆ’ ಆಗಿ ಕೇಳಿದರೆ ಆ ಸಾಲಿನಲ್ಲಿ ಪದ ಜಾಸ್ತಿಯಾಗಿದೆ, ಒಂದು ತೆಗೆಯಿರಿ.