ಆಘಾತಕ್ಕೊಳಗಾದವರಿಗೆ "ಎಲ್ಲಾ ಹೇಳಿಬಿಡಿ" ಅನ್ನೋದು ಯಾಕೆ ಕೈಕೊಡುತ್ತೆ? (ಹೆನ್ರಿ ಕ್ರಿಸ್ಟಲ್ ಕುರಿತು)

ಓದುಗ_ಧಾರವಾಡ:
ಹೆನ್ರಿ ಕ್ರಿಸ್ಟಲ್ (1925–2015) ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ನಿಂದ ಬದುಕಿ ಬಂದು, ಅಮೆರಿಕದ ಡೆಟ್ರಾಯಿಟ್ ಕಡೆ ಮನೋವಿಶ್ಲೇಷಕರಾದವರು. ತಮ್ಮ ಹಾಗೇ ಶಿಬಿರಗಳಿಂದ ಉಳಿದು ಬಂದವರಿಗೆ ದಶಕಗಟ್ಟಲೆ ಚಿಕಿತ್ಸೆ ಕೊಟ್ಟ ಮೇಲೆ, ಮಾಮೂಲಿ ಮನೋವಿಶ್ಲೇಷಣೆಯಿಂದ ಇಂಥವರಿಗೆ ಹೆಚ್ಚು ಫಲವಿಲ್ಲ ಅನ್ನೋ ನಿಲುವಿಗೆ ಬಂದರು. ಅದುಮಿಟ್ಟದ್ದನ್ನ ಹೊರಗೆ ತರೋದೇ ಚಿಕಿತ್ಸೆ ಅಲ್ವಾ? ಎಲ್ಲಿ ತಪ್ಪುತ್ತೆ? ಬದಲಿಗೆ ಏನು ಮಾಡಬೇಕು? ಕೌನ್ಸೆಲಿಂಗ್ ಕಲೀತಿರೋರಿಗೆ ಆಗೋ ಹಾಗೆ ಹೇಳಿ.

ನಿಧಾನಿ:
ಹೊರಗೆ ತರೋದು ಆಮೇಲಿನ ಮಾತು. ಬಂದದ್ದನ್ನ ತಾಳಿಕೊಳ್ಳೋ ಶಕ್ತಿ ಇದೆಯಾ, ಅದನ್ನ ಮೊದಲು ನೋಡಬೇಕು. ಕ್ರಿಸ್ಟಲ್ ಪ್ರಕಾರ ತೀವ್ರ ಆಘಾತವಾದವರಲ್ಲಿ ದುಃಖ, ಭಯ, ಸಿಟ್ಟು ಬೇರೆಬೇರೆಯಾಗಿ ಉಳಿಯಲ್ಲ. ಎಲ್ಲಾ ಕಲಸಿಹೋಗಿ, ಮಾತಿಗೆ ಸಿಗದೆ ಮೈಗಿಳಿಯುತ್ತೆ: ಎದೆ ಬಿಗಿತ, ಹೊಟ್ಟೆ ಸಂಕಟ, ತಲೆನೋವು. ಈ ಸ್ಥಿತಿಗೆ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲಿ ಅಲೆಕ್ಸಿಥೈಮಿಯಾ ಅಂತ ಹೆಸರಿಟ್ಟರು. ಇಂಥವರನ್ನ ಮನೋವಿಶ್ಲೇಷಣೆಯ ಪದ್ಧತಿಯಂತೆ ಮಂಚದ ಮೇಲೆ ಮಲಗಿಸಿ "ಮನಸ್ಸಿಗೆ ಬಂದದ್ದು ಹೇಳಿ" ಅಂದರೆ ಒಂದೋ ಒಣ ದಿನಚರಿ ಬರುತ್ತೆ, ಇಲ್ಲಾ ಹಳೇ ಭಯ ಇಡಿಯಾಗಿ ಮೇಲೆ ಬೀಳುತ್ತೆ. ತಲೆಯ ಹಿಂದೆ ಸುಮ್ಮನೆ ಕೂತ ವೈದ್ಯರು, ಅವತ್ತು ಕಂಡೂ ಕಾಣದಂತಿದ್ದವರ ಹಾಗೇ ಅನಿಸ್ತಾರೆ.

ಅದಕ್ಕೇ ಕ್ರಿಸ್ಟಲ್ ಪೂರ್ವತಯಾರಿಗೆ ಒತ್ತು ಕೊಟ್ಟರು. ಭಾವನೆ ಒಂದು ಸೂಚನೆ, ಬರುತ್ತೆ, ಇಳಿಯುತ್ತೆ, ಅದು ಬಂತು ಅಂದರೆ ದುರಂತವೇ ಮರಳಿತು ಅಂತಲ್ಲ. ಇದನ್ನ ರೋಗಿಗೆ ನೇರವಾಗಿ ವಿವರಿಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಾಳೋ ಅಭ್ಯಾಸ, ಹೆಸರಿಡೋ ಅಭ್ಯಾಸ ("ಎದೆ ಬಿಗೀತಿದೆ ಅಂದ್ರಲ್ಲ, ಅದರಲ್ಲಿ ಹೆದರಿಕೆ ಎಷ್ಟು, ಸಿಟ್ಟೆಷ್ಟು?"). ಇನ್ನೊಂದು ಅಡ್ಡಿ ಸುಲಭಕ್ಕೆ ಕಾಣಲ್ಲ. ತಮ್ಮನ್ನ ತಾವೇ ಸಂತೈಸಿಕೊಳ್ಳೋದು ತಮ್ಮ ಕೆಲಸ ಅಲ್ಲ, ಅದು ತಾಯಿಗೆ ಸೇರಿದ್ದು ಅನ್ನೋ ಒಳಗಿನ ಕಟ್ಟು. ಅದನ್ನ ಬಿಡಿಸದೆ ರಿಲ್ಯಾಕ್ಸೇಶನ್ ಕಲಿಸಿದರೆ ಮನೇಲಿ ಮಾಡೋದೇ ಇಲ್ಲ.

ಕುರ್ಚಿ_ಪಕ್ಕ:
ನಿಧಾನಿಯವರ ಮಾತಿಗೆ ಕೋಣೆಯೊಳಗಿನ ವಿವರ ಸೇರಿಸ್ತೀನಿ. ಎದುರುಬದುರು ಕೂರಬೇಕು, ಬಾಗಿಲು ರೋಗಿಯ ಕಣ್ಣಿಗೆ ಬೀಳ್ತಿರಬೇಕು. 50 ನಿಮಿಷದ ಭೇಟಿಯಾದರೆ ಕೊನೆಯ 10 ನಿಮಿಷ ಹೊಸದೇನೂ ಕೆದಕಬಾರದು. ದನಿ ಸಪಾಟಾಯ್ತು, ನೋಟ ಒಂದೇ ಕಡೆ ನೆಟ್ಟಿತು, ಉತ್ತರ ತಡವಾಗ್ತಿದೆ ಅಂದರೆ ಕಥೆ ಅಲ್ಲಿಗೇ ನಿಲ್ಲಿಸಿ. ಕಾಲು ನೆಲಕ್ಕೆ ಊರಿಸಿ, ಕಣ್ಣೆದುರಿನ 5 ವಸ್ತು ಹೆಸರಿಸೋಕೆ ಹೇಳಿ, ಇವತ್ತಿನ ತಾರೀಖು ಕೇಳಿ. ಕಣ್ಣು ಮುಚ್ಚಿಸಬೇಡಿ. "ಜೋರಾಗಿ ಉಸಿರೆಳೆಯಿರಿ" ಅಂದರೆ ತಲೆಸುತ್ತು ಬಂದು ಗಾಬರಿ ಹೆಚ್ಚಬಹುದು. ಉಸಿರು ಬಿಡೋದನ್ನ ನಿಧಾನ ಮಾಡಿಸಿ.

"ನಾನ್ಯಾಕೆ ಉಳಿದೆ" ಅನ್ನೋ ಅಪರಾಧಭಾವಕ್ಕೆ, ಸತ್ತವರ ಮೇಲೆ ಬಾಲ್ಯದಲ್ಲಿದ್ದ ಒಳಗಿನ ಹಗೆಯೇ ಕಾರಣ ಅನ್ನೋ ಅರ್ಥ ಹಚ್ಚೋಕೆ ಹೋಗಬೇಡಿ. ಸತ್ತವರನ್ನ ಬಿಟ್ಟುಕೊಡದೆ ಇರೋಕೆ ಎಷ್ಟೋ ಜನರಿಗೆ ಅದೊಂದೇ ದಾರಿ ಆಗಿರುತ್ತೆ.

ಅಂಕಿ_ಸಾಕ್ಷಿ:
ಒಪ್ಪಿದೆ, ಆದರೆ ತಯಾರಿ ಹೆಸರಲ್ಲಿ ವರ್ಷಗಟ್ಟಲೆ ವಿಷಯ ಮುಟ್ಟದೇ ಇರೋದೂ ತಪ್ಪೇ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತೆ. ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್‌ನಲ್ಲಿ (ಭಯದ ನೆನಪನ್ನ ಮತ್ತೆ ಮತ್ತೆ ಎದುರಿಸೋ ಚಿಕಿತ್ಸೆ) ಸಾಮಾನ್ಯವಾಗಿ 90 ನಿಮಿಷದ 8ರಿಂದ 15 ಭೇಟಿ. ಅದರಲ್ಲಿ 30–45 ನಿಮಿಷ ಘಟನೆಯನ್ನ ವರ್ತಮಾನ ಕಾಲದಲ್ಲಿ ಹೇಳಿಸ್ತಾರೆ, ನಡುನಡುವೆ ಸಂಕಟವನ್ನ 0ರಿಂದ 100ರಲ್ಲಿ ಅಳೀತಾರೆ, ರೆಕಾರ್ಡಿಂಗ್ ಮನೇಲಿ ಕೇಳಿಸ್ತಾರೆ. ಇದಕ್ಕೆ ಒಳ್ಳೇ ಸಾಕ್ಷ್ಯ ಇದೆ. ದುರಂತ ನಡೆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲಾ ಹೇಳಿಸೋ ಡಿಬ್ರೀಫಿಂಗ್‌ಗೆ ಅಂಥ ಸಾಕ್ಷ್ಯ ಇಲ್ಲ. ಎರಡನ್ನೂ ಒಂದೇ ಅನ್ಕೊಂಡು ಬಯ್ಯೋದು ನಿಲ್ಲಬೇಕು.

ಪರಿಹಾರಧನಕ್ಕಾಗಿ ನಡೆಯೋ ತಪಾಸಣೆಯಲ್ಲಿ ಹೇಳೋದಂತೂ ಚಿಕಿತ್ಸೆಯೇ ಅಲ್ಲ. ನಾಜಿ ಸಂತ್ರಸ್ತರಿಗಾಗಿ ಪಶ್ಚಿಮ ಜರ್ಮನಿ ಮಾಡಿದ 1956ರ ಪರಿಹಾರ ಕಾನೂನಿನಲ್ಲಿ ಆರೋಗ್ಯಹಾನಿಯ ಪಿಂಚಣಿಗೆ ದುಡಿಯೋ ಶಕ್ತಿ ಕನಿಷ್ಠ 25% ಕುಂದಿದೆ ಅಂತ ತೋರಿಸಬೇಕಿತ್ತು. ಅಲ್ಲಿ ಕಥೆ ಹೇಳೋದು ಸಂಶಯಪಡೋ ಅಧಿಕಾರಿ ಎದುರು.

ಓದುಗ_ಧಾರವಾಡ:
ವಯಸ್ಸಾದ ಮೇಲೆ ಕೆಲವರಿಗೆ ಮತ್ತೆ ಉಲ್ಬಣಿಸೋದು ಯಾಕೆ?

ನಿಧಾನಿ:
ದುಡಿಮೆ, ಮಕ್ಕಳ ಜವಾಬ್ದಾರಿ ನೆನಪನ್ನ ದೂರ ಇಟ್ಟಿರುತ್ತೆ. ನಿವೃತ್ತಿ, ಸಂಗಾತಿಯ ಸಾವು, ಮರೆವು ಬಂದಾಗ ಆ ತಡೆ ಹೋಗುತ್ತೆ. ವೃದ್ಧಾಶ್ರಮಗಳಲ್ಲಿ ಶವರ್, ಸಮವಸ್ತ್ರ, ಸಾಲು ನಿಲ್ಲಿಸೋದು ಕೂಡ ಶಿಬಿರವನ್ನ ಎದುರಿಗೆ ತರಬಹುದು. ಅಲ್ಲಿ ಮಾತಿಗಿಂತ ವ್ಯವಸ್ಥೆ ಬದಲಿಸೋದೇ ಮೇಲು: ಶವರ್ ಬದಲು ಬಕೆಟ್ ಅಥವಾ ಟಬ್, ಸಮವಸ್ತ್ರದ ಬದಲು ಸಾದಾ ಬಟ್ಟೆ, ಮೈ ಮುಟ್ಟೋ ಮುಂಚೆ ಹೇಳಿ ಮುಟ್ಟೋದು.