ದೊಡ್ಡಣ್ಣನಿಗೆ ಉತ್ತರ: ಪುಟ್ಟಿಯ ಐದು ವರ್ಷದ ಕೋರ್ಸ್

ದೊಡ್ಡಣ್ಣಾ, ಟೈಪ್ ಮಾಡ್ಲಿಕ್ಕೆ ಕೂತ್ರೆ ನಾಳೆ ಬೆಳಗಾದೀತು, ಹಾಗಾಗಿ ಮಾತಾಡಿಯೇ ಕಳಿಸ್ತೇನೆ. ಉದ್ದ ಆಗ್ತದೆ, ಅಡಕೆ ಸುಲೀತಾ ಕೇಳಿ. ಹಿಂದೆ ಬಡಬಡ ಕೇಳುವುದು ನಮ್ಮ ಶೀಟಿನ ಮೇಲಿನ ಮಳೆ, ನಿಮ್ಮ ಫೋನ್ ಹಾಳಾದದ್ದಲ್ಲ.

ನಿನ್ನೆ ನೀವು ಮನೆಯವರ ಗ್ರೂಪಿನಲ್ಲಿ ಹಾಕಿದ್ದು ಹೀಗಲ್ವಾ: ಮಗಳು ಪುಟ್ಟಿಗೆ ಪ್ಲಸ್ ಟೂ ಆಯ್ತು, ಅಮೇರಿಕಾದ ಒಂದು ಕಡೆ ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಡಿಗ್ರಿ, ಮಾಸ್ಟರ್ಸ್ ಎರಡೂ ಸೇರಿ ಐದೇ ವರ್ಷ, ಒಂದು ವರ್ಷವೂ ಅದರ ಫೀಸೂ ಉಳೀತದೆ, ಕಳಿಸ್ಲಾ ಅಂತ. ಅದರ ಕೆಳಗೆ ಸಣ್ಣಮಾವ, "ಮಾತಾಡ್ಲಿಕ್ಕೆ ಕಲೀಲಿಕ್ಕೆ ಐದು ವರ್ಷ ಎಂತಕ್ಕೆ, ಕುಂಬಳೆ ಪೇಟೆಯಲ್ಲಿ ಒಂದು ವಾರ ನಿಂತ್ರೆ ಸಾಕು." ಮಾವ, ನಿಮ್ಮ ಹತ್ರ ಆಮೇಲೆ ಬರ್ತೇನೆ, ಬಿಡುವುದಿಲ್ಲ.

ಮೊದ್ಲು ಆ ಒಂದು ವರ್ಷ ಎಲ್ಲಿಂದ ಉಳೀತದೆ ನೋಡುವ. ಅಲ್ಲಿ ಡಿಗ್ರಿಗೇ ನಾಲ್ಕು ವರ್ಷ, ಸಾಧಾರಣ 120 ಕ್ರೆಡಿಟ್, ಅಂದ್ರೆ ಪಾಠ ಅಳೆಯುವ ಲೆಕ್ಕ. ಕೌನ್ಸೆಲಿಂಗ್ ಮಾಸ್ಟರ್ಸಿಗೆ ಸಿಎಸಿಆರ್‌ಇಪಿ ಅಂತ ಮಾನ್ಯತೆ ಕೊಡುವ ಮಂಡಳಿ ಉಂಟು, ಅದರ ಲೆಕ್ಕದಲ್ಲಿ ಇನ್ನೂ 60. ಬೇರೆ ಬೇರೆ ಮಾಡಿದ್ರೆ ಆರು ವರ್ಷ ಬೇಕು, ಕೆಲವರಿಗೆ ಆರೂವರೆ. ಜೋಡಿ ಕೋರ್ಸಿನಲ್ಲಿ ಡಿಗ್ರಿಯ ಕೊನೇ ವರ್ಷವೇ ಮಾಸ್ಟರ್ಸಿನ ಕೆಲವು ಪಾಠ ತೆಗೊಳ್ತಾರೆ, ಅದು ಎರಡೂ ಖಾತೆಗೆ ಜಮೆ. ಒಂದೇ ಹಲಸಿನಹಣ್ಣಿನಲ್ಲಿ ಪಾಯಸವೂ ಆಯ್ತು, ಕಡುಬಿನ ಹಾಗೆ ಬೇಯಿಸುವ ಕೊಟ್ಟಿಗೆಯೂ ಆಯ್ತು. ಮೋಸ ಏನಿಲ್ಲ. ಆದ್ರೆ ಈಗ ಸೇರಿದ ಕೂಡ್ಲೆ ಮಾಸ್ಟರ್ಸ್ ಸೀಟು ಕೈಯಲ್ಲಿ ಬಂತು ಅಂತ ಗ್ರಹಿಸ್ಬೇಡಿ. ಹೆಚ್ಚಿನ ಕಡೆ ಮೂರನೇ ವರ್ಷದಲ್ಲಿ ಪುನಃ ಅರ್ಜಿ ಹಾಕ್ಬೇಕು, ಮಾರ್ಕು ಅಷ್ಟು ಇರ್ಲೇಬೇಕು. ಇಲ್ಲದಿದ್ರೆ ಬರೀ ಡಿಗ್ರಿ ಹಿಡ್ಕೊಂಡು ಬರುವುದು.

ಇನ್ನು ನಮ್ಮ ಲೆಕ್ಕ. ಮೂರು ವರ್ಷ ಡಿಗ್ರಿ, ಎರಡು ವರ್ಷ ಎಂಎಸ್ಸಿ, ಐದು. ನಮ್ಮ ಕಾಸರಗೋಡು ಸೇರಿ ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಆನರ್ಸ್ ಬಂತು. ಹೊಸ ಶಿಕ್ಷಣ ನೀತಿಯಲ್ಲಿ ನಾಲ್ಕು ಮುಗಿಸಿದವರಿಗೆ ಒಂದೇ ವರ್ಷದ ಮಾಸ್ಟರ್ಸಿಗೆ ದಾರಿ ಉಂಟು, ಅದೂ ಐದೇ. ಅವರು ಓಡಿ ಮುಟ್ಟುವ ಜಾಗಕ್ಕೆ ನಾವು ನಡ್ಕೊಂಡೇ ಮುಟ್ತೇವಲ್ಲ ಅಣ್ಣ! ಉಳಿಯುವ ವರ್ಷ ಅಮೇರಿಕಾದವರದ್ದು, ನಮ್ಮದಲ್ಲ.

ಹಾಗಂತ ಅಲ್ಲಿಯ ಕಲಿಕೆ ಕಮ್ಮಿ ಅಂತ ನಾನು ಹೇಳುವುದಿಲ್ಲ. ಒಂದು ವಿಷಯದಲ್ಲಿ ಅವರು ಭಾರೀ ಕಟ್ಟುನಿಟ್ಟು. ಮಾಸ್ಟರ್ಸಿನ ಒಳಗೆ 100 ಗಂಟೆ ಪ್ರಾಕ್ಟಿಕಮ್, ಅಂದ್ರೆ ಹಿರಿಯರ ಕಣ್ಣಿನಡಿಯ ಅಭ್ಯಾಸ, ಅದರಲ್ಲಿ 40 ಗಂಟೆ ಎದುರು ಕೂತ ಜನರೊಟ್ಟಿಗೇ ಕೆಲಸ. ಮತ್ತೆ 600 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಹಾಗೆಯೇ. ಜೋಡಿ ಕೋರ್ಸು, ಬೇಗದ ಕೋರ್ಸು ಅಂತ ಇದಕ್ಕೆ ರಿಯಾಯಿತಿ ಇಲ್ಲ. ಪಾಠವನ್ನು ಮಡಚ್ಬಹುದು, ಈ ಗಂಟೆಯನ್ನು ಮಡಚ್ಲಿಕ್ಕೆ ಬರುವುದಿಲ್ಲ.

ಯಾಕೆ ಅಂದ್ರೆ, ಮಾವ, ಈಗ ನೀವು ಕೇಳಿ. ನಾನು ಮಂಗಳೂರಿನಲ್ಲಿ ಎಂಎಸ್ಸಿ ಮಾಡುವಾಗ ಮೊದಲ ಅಭ್ಯಾಸ ಕ್ಲಾಸಿನ ಹುಡುಗಿಯೊಟ್ಟಿಗೇ. ಅವಳು ನಿಜವಾದ್ದೇ ಒಂದು ಸಣ್ಣ ಸಂಕಟ ಹೇಳ್ಬೇಕು, ನಾನು ಕೇಳ್ಬೇಕು, ಇಪ್ಪತ್ತು ನಿಮಿಷ. ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಒಂದೊಂದು ಮಾತೂ ಬರೀಬೇಕು, "ಹ್ಞೂ" ಸಮೇತ. ಬರೀಲಿಕ್ಕೆ ಒಂದು ಆದಿತ್ಯವಾರ ಪೂರ್ತಿ ಹೋಯ್ತು. ನಾನೋ, ನಮ್ಮ ಮನೆಯ ಮಾತುಗಾರ್ತಿ, ಭಾರೀ ಲಾಯ್ಕಾಗಿದೆ ಅಂತ ತಿಳ್ಕೊಂಡಿದ್ದೆ. ಮೇಡಂ ಕೆಂಪು ಪೆನ್ನು ಹಿಡ್ಕೊಂಡು ಲೆಕ್ಕ ಮಾಡಿದ್ರು, 31 ಪ್ರಶ್ನೆ. ಪೊಲೀಸ್ ಸ್ಟೇಷನಿನಲ್ಲಿಯೂ ಅಷ್ಟು ಕೇಳ್ಲಿಕ್ಕಿಲ್ಲ. ಒಂದು ಕಡೆ ಅವಳು "ಅಪ್ಪ ಆ ದಿನ..." ಅಂತ ಹೇಳಿ ನಿಲ್ಲಿಸಿದ್ದಳು. ನಾನು ತಡೀಲಿಕ್ಕಾಗದೆ, "ತಲೆಬಿಸಿ ಮಾಡ್ಬೇಡ, ಎಲ್ಲ ಸರಿ ಆಗ್ತದೆ" ಅಂದುಬಿಟ್ಟೆ. ಅವಳೂ "ಹೌದು" ಅಂದು ಬೇರೆ ವಿಷಯಕ್ಕೆ ಹೋದಳು. ಮೇಡಂ ಆ ಸಾಲಿಗೆ ಒಂದು ಗೆರೆ ಎಳೆದ್ರು, ಏನೂ ಬರೀಲಿಲ್ಲ. ಆ ಹುಡುಗಿ ಆಗ ಎಂತ ಹೇಳ್ಲಿಕ್ಕೆ ಹೊರಟದ್ದು ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ಕುಂಬಳೆ ಪೇಟೆಯಲ್ಲಿ ಇದನ್ನು ಯಾರು ಗೆರೆ ಎಳ್ದು ತೋರಿಸ್ತಾರೆ ಮಾವ?

ಆ "ತಲೆಬಿಸಿ"ಯನ್ನೇ ನೋಡಿ. ನಮ್ಮಲ್ಲಿ ಸಾಲ ಆದ್ರೂ ತಲೆಬಿಸಿ, ಸೊಸೆಯೊಟ್ಟಿಗೆ ಮಾತು ಬಿಟ್ರೂ ತಲೆಬಿಸಿ, ಅಡಕೆಗೆ ಕೊಳೆರೋಗ ಬಂದ್ರೂ ತಲೆಬಿಸಿ, ರಾತ್ರಿ ನಿದ್ರೆ ಬಾರದೆ ಸಾಯುವ ಯೋಚನೆ ಬಂದ್ರೂ ಬಾಯಲ್ಲಿ ಬರುವುದು ಅದೇ ಶಬ್ದ. ಯಾವ ತಲೆಬಿಸಿ ಅಂತ ಮುಖ ನೋಡಿ ತಿಳೀಬೇಕು. ನಾನು ಈಗ ಹೋಗುವ ಶಾಲೆಯಲ್ಲಿ ಮಕ್ಕಳು ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಅಳುವುದು ತುಳುವಿನಲ್ಲಿ. ಪುಟ್ಟಿ ಆ 700 ಗಂಟೆ ಇಂಗ್ಲಿಷಿನಲ್ಲಿ ಕೂತು ಬಂದ್ರೆ, ಇಲ್ಲಿ ಬದಿಯಡ್ಕದ ಅಜ್ಜಿಯ ಎದುರು ಪುನಃ ಅಕ್ಷರಾಭ್ಯಾಸ. ಅವಳು ಅಲ್ಲಿಯೇ ಉಳಿಯುವುದಾದ್ರೆ ಆ ಮಾತು ಬೇರೆ.

ಉಳಿಯುವುದಾದ್ರೆ ಈ ಲೆಕ್ಕವನ್ನೂ ನೋಡಿ. ಮಾಸ್ಟರ್ಸ್ ಆದ ಕೂಡ್ಲೆ ಲೈಸೆನ್ಸ್ ಸಿಗುವುದಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಸುಮಾರು ಕಡೆ 2000ದಿಂದ 4000 ಗಂಟೆ ಹಿರಿಯರ ಕಣ್ಣಿನಡಿಯಲ್ಲಿ ಕೆಲಸ ಮಾಡ್ಬೇಕು, ಪರೀಕ್ಷೆಯೂ ಉಂಟು. 3000 ಅಂತ ಇಟ್ಕೊಳ್ಳಿ, ವಾರಕ್ಕೆ 40 ಗಂಟೆ ಮಾಡಿದ್ರೂ 75 ವಾರ. ಓದಿದ ಮೇಲೆ ಸ್ಟೂಡೆಂಟ್ ವೀಸಾದಲ್ಲಿ ಕೆಲಸಕ್ಕೆ ಕೊಡುವ ಒಪಿಟಿ 12 ತಿಂಗಳು. ವರ್ಷಕ್ಕೆ ವಾರ 52. ಸ್ಟೆಮ್ ಪಟ್ಟಿಯ, ಅಂದ್ರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಕೋರ್ಸಾದ್ರೆ ಇನ್ನು 24 ತಿಂಗಳು ಸಿಗ್ತದೆ, ಹಾಗಾಗಿ ಈ ಕೋರ್ಸಿನ ಕೋಡ್ ಆ ಪಟ್ಟಿಯಲ್ಲಿ ಉಂಟಾ ಅಂತ ಅವರಿಂದ ಬರವಣಿಗೆಯಲ್ಲಿ ತೆಗೊಳ್ಳಿ. ಏಜೆಂಟನ ಬಾಯಿಮಾತು ಬೇಡ. ಇನ್ನೊಂದು, ಮಾಸ್ಟರ್ಸ್ ಮಾಡಿದವರು ಅಲ್ಲಿ ಕೌನ್ಸೆಲರ್. "ಸೈಕಾಲಜಿಸ್ಟ್" ಅಂತ ಬೋರ್ಡು ಹಾಕ್ಲಿಕ್ಕೆ ಹೆಚ್ಚಿನ ರಾಜ್ಯಗಳಲ್ಲಿ ಡಾಕ್ಟರೇಟ್ ಬೇಕು. ನೀವು ಈಗಲೇ ಪೆರ್ಲದಲ್ಲಿ ಎಲ್ಲರ ಹತ್ರ "ಮಗಳು ಸೈಕಾಲಜಿಸ್ಟ್ ಆಗ್ತಾಳೆ" ಅಂತ ಹೇಳ್ತಾ ಇದ್ದೀರಂತೆ, ಅತ್ತಿಗೆ ಹೇಳಿದ್ರು.

ಚಿಕ್ಕಮ್ಮ ಹೇಳಿದ ಹಾಗೆ ಮನೆಯಲ್ಲಿ ಕೂತು ಕರೆಸ್ಪಾಂಡೆನ್ಸಿನಲ್ಲಿ ಮಾಡುವ ಅಂದ್ರೆ ಆ ಬಾಗಿಲು ಮುಚ್ಚಿತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸಬಾರದು ಅಂತ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿ ಆಗಿದೆ. ಯಾರಾದ್ರೂ ಸೀಟು ಉಂಟು ಅಂತ ಫೋನ್ ಮಾಡಿದ್ರೆ ದುಡ್ಡು ಕಟ್ಬೇಡಿ. ನಾನೇ ಹಿಂದೆ ಒಂದು ಕಡೆ ಆರು ತಿಂಗಳ ಡಿಪ್ಲೊಮಾ ಮಾಡಿ, ಆ ಸರ್ಟಿಫಿಕೇಟ್ ಒಂದು ಇಂಟರ್‌ವ್ಯೂನಲ್ಲಿಯೂ ಯಾರೂ ತೆರೆದು ನೋಡ್ಲಿಲ್ಲ. ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ಆಸೆ ಉಂಟಾದ್ರೆ ಅದು ಬೇರೆಯೇ ದಾರಿ, ಆರ್‌ಸಿಐ, ಅಂದ್ರೆ ಭಾರತದ ಪುನರ್ವಸತಿ ಮಂಡಳಿ, ಒಪ್ಪಿದ ಕೋರ್ಸು, ಅಲ್ಲಿಯ ನೋಂದಣಿ. ಅದನ್ನು ಫೋನಿನಲ್ಲಿ ಹೇಳ್ತೇನೆ.

ಅಣ್ಣ, ನಿನ್ನೆಯಿಂದ ಈ ಗ್ರೂಪಿನಲ್ಲಿ ನಲವತ್ತು ಮೆಸೇಜ್ ಆಯ್ತು. ಪುಟ್ಟಿಯೂ ಇದ್ದಾಳೆ ಇಲ್ಲಿ, ಎಲ್ಲವನ್ನೂ ನೋಡಿದ್ದಾಳೆ, ನೀಲಿ ಟಿಕ್ ಬಿದ್ದಿದೆ. ಒಂದಕ್ಷರ ಹಾಕ್ಲಿಲ್ಲ. ಪುಟ್ಟಿ, ನೀನು ಇಲ್ಲಿ ಹೇಳ್ಬೇಕು ಅಂತ ಇಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಲ್ಲಿಗೆ ಬಾ, ಹಲಸಿನಹಣ್ಣು ಕೊಯ್ದಿಟ್ಟಿದ್ದೇನೆ. 31 ಪ್ರಶ್ನೆ ಕೇಳುವುದಿಲ್ಲ. ಓ, ಕರೆಂಟು ಹೋಯ್ತು, ಇಡ್ತೇನೆ.