ಆಟೋಇಮ್ಯೂನ್ ಹೆಪಟೈಟಿಸ್ ಹತೋಟಿಯಲ್ಲಿದೆ, ಆದರೂ ಮೂತ್ರದಲ್ಲಿ ಪ್ರೋಟೀನ್: ಕಾರಣ ಎಲ್ಲಿ ಹುಡುಕುವುದು?

ಪ್ರಶ್ನೆ:
ಟೈಪ್ 1 ಆಟೋಇಮ್ಯೂನ್ ಹೆಪಟೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಲಿವರ್ ಮೇಲೆ ದಾಳಿ ಮಾಡುವ ಕಾಯಿಲೆ). ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್), ಅಜಥಯೋಪ್ರಿನ್ (ರೋಗನಿರೋಧಕ ದಾಳಿ ತಗ್ಗಿಸುವ ಔಷಧಿ) ಕೊಟ್ಟ ಮೇಲೆ ಎಎಲ್‌ಟಿ (ಲಿವರ್ ಹಾನಿ ತೋರಿಸುವ ಕಿಣ್ವ) ನಾರ್ಮಲ್. ಆದರೆ ಕಾಲಿನ ಊತ ಇಳಿದಿಲ್ಲ, ಆಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನ್) 2.6, ಅಂದರೆ ಕಡಿಮೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ) 1.0, ಮೂತ್ರದಲ್ಲಿ ಪ್ರೋಟೀನ್ 3+, ಜೊತೆಗೆ ಕೆಂಪು ರಕ್ತಕಣ. ಇದನ್ನೂ ಲಿವರ್ ಲೆಕ್ಕಕ್ಕೇ ಹಾಕಬಹುದೇ? ಎಲ್‌ಕೆಎಂ (ಲಿವರ್-ಕಿಡ್ನಿ ಮೈಕ್ರೋಸೋಮಲ್) ಆ್ಯಂಟಿಬಾಡಿ ಪಾಸಿಟಿವ್ ಬಂದರೆ ಕಿಡ್ನಿಗೂ ಪೆಟ್ಟು ಬಿದ್ದಿದೆ ಎಂದರ್ಥವೇ?

ಉತ್ತರ 1:
ದಯವಿಟ್ಟು ಲಿವರ್ ಮೇಲೆ ಹಾಕಿ ಸುಮ್ಮನಾಗಬೇಡಿ ಸರ್. ಆಲ್ಬುಮಿನ್ ತಯಾರಾಗುವುದೂ ಲಿವರ್‌ನಲ್ಲೇ, ರಕ್ತ ಹೆಪ್ಪುಗಟ್ಟಿಸುವ ಬಹುತೇಕ ಅಂಶಗಳೂ ಅಲ್ಲೇ. ಐಎನ್‌ಆರ್ ಸರಿಯಿದ್ದು ಆಲ್ಬುಮಿನ್ ಮಾತ್ರ ಕುಸಿದಿದ್ದರೆ, ಅದು ಮೂತ್ರದಲ್ಲಿ ಸೋರುತ್ತಿದೆಯೇ ಎಂದು ಮೊದಲು ನೋಡಬೇಕು. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್-ಕ್ರಿಯೇಟಿನಿನ್ ಅನುಪಾತ ಮಾಡಿಸಿ, 3.5 (ಗ್ರಾಂ/ಗ್ರಾಂ) ದಾಟಿದರೆ ನೆಫ್ರೋಟಿಕ್ ಮಟ್ಟ, ಅಂದರೆ ಭಾರೀ ಪ್ರೋಟೀನ್ ಸೋರಿಕೆ. ಮೈಕ್ರೋಸ್ಕೋಪಿಗೆ ಮಾತ್ರ ತಾಜಾ ಮೂತ್ರ ಬೇಕು. ಗಂಟೆಗಟ್ಟಲೆ ಇಟ್ಟರೆ ಕಾಸ್ಟ್‌ಗಳು (ಕಿಡ್ನಿಯ ನಳಿಕೆಯಲ್ಲಿ ಅಚ್ಚಾಗಿ ಮೂಡುವ ಕಣಗಳು) ಕರಗಿ, ರಿಪೋರ್ಟ್ ಸುಳ್ಳು ಸಮಾಧಾನ ಕೊಡುತ್ತದೆ. ಆಕಾರ ಕೆಟ್ಟ ಕೆಂಪುಕಣ, ಆರ್‌ಬಿಸಿ ಕಾಸ್ಟ್ ಕಂಡರೆ ಉರಿಯೂತ ಗ್ಲೊಮೆರುಲಸ್‌ನಲ್ಲೇ (ಕಿಡ್ನಿಯ ಶೋಧಕದಲ್ಲೇ) ಇದೆ.

ಸಿ3, ಸಿ4 (ರಕ್ತದ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು), ಡಿಎಸ್‌ಡಿಎನ್‌ಎ (ಲೂಪಸ್‌ನಲ್ಲಿ ಕಾಣುವ ಆ್ಯಂಟಿಬಾಡಿ), ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಆಗಲಿ. ಎಎನ್‌ಎ (ಜೀವಕೋಶದ ಕೇಂದ್ರದ ವಿರುದ್ಧದ ಆ್ಯಂಟಿಬಾಡಿ) ಒಂದನ್ನೇ ನಂಬಿ ಲೂಪಸ್ (ಹಲವು ಅಂಗಗಳನ್ನು ಕಾಡುವ ಆಟೋಇಮ್ಯೂನ್ ಕಾಯಿಲೆ) ಎನ್ನಲಾಗದು, ಟೈಪ್ 1 ಹೆಪಟೈಟಿಸ್‌ನಲ್ಲೂ ಅದು ಅನೇಕರಲ್ಲಿ ಪಾಸಿಟಿವ್ ಇರುತ್ತದೆ.

ಉತ್ತರ 2:
ಕೊನೆಗೆ ತೀರ್ಮಾನಿಸುವುದು ಕಿಡ್ನಿ ಬಯಾಪ್ಸಿಯೇ. ಮೆಂಬ್ರೇನಸ್ ನೆಫ್ರೋಪತಿ, ಲೂಪಸ್ ನೆಫ್ರೈಟಿಸ್, ಐಜಿಎ ನೆಫ್ರೋಪತಿ (ಐಜಿಎ ಎಂಬ ಆ್ಯಂಟಿಬಾಡಿ ಕಿಡ್ನಿಯಲ್ಲಿ ಕೂರುವುದು), ಈ ಕಿಡ್ನಿ ಕಾಯಿಲೆಗಳೆಲ್ಲವೂ ಸಾಧ್ಯ. ಚಿಕಿತ್ಸೆ ಒಂದೇ ಅಲ್ಲ. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಇದ್ದರೆ ಲಿವರ್ ಐಜಿಎಯನ್ನು ಸರಿಯಾಗಿ ತೆರವು ಮಾಡದೆ ಅದು ಕಿಡ್ನಿಯಲ್ಲಿ ಕೂರುತ್ತದೆ. ಚುಚ್ಚುವ ಮುನ್ನ ಪ್ಲೇಟ್‌ಲೆಟ್, ಬಿಪಿ ನೋಡಿ. ರಕ್ತಸ್ರಾವದ ಅಪಾಯ ಹೆಚ್ಚಿದ್ದರೆ ಕುತ್ತಿಗೆಯ ರಕ್ತನಾಳದ ಮೂಲಕವೂ ತೆಗೆಯಬಹುದು.

ಎಲ್‌ಕೆಎಂ-1ರ ಗುರಿ ಸಿವೈಪಿ2ಡಿ6 ಎಂಬ ಕಿಣ್ವ. ಅದು ಪಾಸಿಟಿವ್ ಎಂದ ಮಾತ್ರಕ್ಕೆ ಕಿಡ್ನಿ ಕಾಯಿಲೆ ಇದೆ ಎಂದಲ್ಲ.

ಲೂಪಸ್ ನೆಫ್ರೈಟಿಸ್ ಎಂದಾದರೆ ಅಜಥಯೋಪ್ರಿನ್ ಬದಲು ಮೈಕೊಫಿನೊಲೇಟ್ ಎರಡೂ ಅಂಗಕ್ಕೆ ಒದಗುತ್ತದೆ. ಆದರೆ ಗರ್ಭಿಣಿಯರಿಗೆ ಅದು ಸಲ್ಲದು. ಶುರು ಮಾಡುವ ಮುನ್ನ ಗರ್ಭಪರೀಕ್ಷೆ ಕಡ್ಡಾಯ.

ಉತ್ತರ 3:
ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ (ಲಿವರ್‌ನ ಪಿತ್ತನಾಳಗಳ ಆಟೋಇಮ್ಯೂನ್ ಕಾಯಿಲೆ) ಇರುವವರು ಇದನ್ನು ಓದುತ್ತಿದ್ದರೆ, ಅಲ್ಲಿ ಕಿಡ್ನಿಗೆ ಪೆಟ್ಟು ಹೆಚ್ಚಾಗಿ ಟ್ಯೂಬ್ಯೂಲ್‌ಗೆ (ಕಿಡ್ನಿಯ ನಳಿಕೆಗೆ). ಡಿಪ್‌ಸ್ಟಿಕ್ (ಮೂತ್ರ ಪರೀಕ್ಷೆಯ ಕಡ್ಡಿ) ಮುಖ್ಯವಾಗಿ ಆಲ್ಬುಮಿನ್ನನ್ನಷ್ಟೇ ಹಿಡಿಯುವುದರಿಂದ ಅದು ತಪ್ಪಿಹೋಗುತ್ತದೆ. ಬೈಕಾರ್ಬನೇಟ್, ಪೊಟ್ಯಾಸಿಯಂ ಎರಡೂ ಕಡಿಮೆಯಿದ್ದು ಮೂತ್ರದ ಪಿಎಚ್ 5.5ಕ್ಕಿಂತ ಮೇಲಿದ್ದರೆ ಡಿಸ್ಟಲ್ ಟ್ಯೂಬ್ಯುಲರ್ ಆಸಿಡೋಸಿಸ್ (ಕಿಡ್ನಿ ಆಮ್ಲವನ್ನು ಸರಿಯಾಗಿ ಹೊರಹಾಕದ ಸ್ಥಿತಿ) ನೆನಪಿರಲಿ. ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಗ್ಲೂಕೋಸ್ ಬಂದರೆ, ಎಸ್‌ಜಿಎಲ್‌ಟಿ2 ಮಾತ್ರೆ (ಸಕ್ಕರೆಯನ್ನು ಮೂತ್ರಕ್ಕೆ ಹಾಕುವ ಮಧುಮೇಹದ ಔಷಧಿ) ನುಂಗುತ್ತಿಲ್ಲವೆಂದಾದರೆ, ಫ್ಯಾಂಕೋನಿ ಸಿಂಡ್ರೋಮ್ (ನಳಿಕೆಗಳು ಹಲವು ಪದಾರ್ಥಗಳನ್ನು ಮರಳಿ ಹೀರದ ಸ್ಥಿತಿ) ಇರಬಹುದು.

ಇನ್ನೊಂದು: ಸ್ನಾಯು ಕರಗಿದವರಲ್ಲಿ ಕ್ರಿಯೇಟಿನಿನ್ (ಸ್ನಾಯುವಿನಿಂದ ಬಂದು ಕಿಡ್ನಿ ಹೊರಹಾಕುವ ತ್ಯಾಜ್ಯ) 0.9 ಇದ್ದರೂ ಕಿಡ್ನಿ ಸೋತಿರಬಹುದು. ಸಿಸ್ಟಾಟಿನ್ ಸಿ (ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಇನ್ನೊಂದು ಕಿಡ್ನಿ ಪರೀಕ್ಷೆ) ಮಾಡಿಸಬಹುದು, ಆದರೆ ಸ್ಟೀರಾಯ್ಡ್ ಹೆಚ್ಚಿನ ಡೋಸ್‌ನಲ್ಲಿದ್ದಾಗ ಅದೇ ಏರಿರುತ್ತದೆ. ಎರಡನ್ನೂ ಎದುರುಬದುರು ಇಟ್ಟು ಓದಿ.